ಸಾಯಲೊಲ್ಲದ ಕಣಗಳು

ತಣ್ಣಗಿದೆ ಅರಿಷಿಣ, ಗಂಡಿನ ಮೈಗೆ ಹಚ್ಚಿ ಉಳಿದದ್ದನ್ನು ಹಿತ್ತಾಳೆಯ ಬಟ್ಟಲಲ್ಲಿ ತಂದಿದ್ದಾರೆ, ಪಾದಕ್ಕೆ ಹತ್ತಿದ ಕೂಡಲೇ ಕರುಣಾಳ ಮೈ ಜುಮ್ಮೆನ್ನುತ್ತದೆ, ಪಾದ, ಮೊಣಕಾಲು, ಅಂಗೈ, ಇನ್ನು ಕೆನ್ನೆ, ಆಮೇಲೆ ಕುತ್ತಿಗೆ — ಕುತ್ತಿಗೆಗೆ ಬರುವಷ್ಟರಲ್ಲಿ ಯಾರಾದರೂ ನಳಾ ಬಂತೂ ಎಂದು ಕೂಗಬಾರದೇ, ನಳ ಬಂದರೆ ಗಬ್ಬೂರಿನ ಈ ಓಣಿಯಲ್ಲಿ ಮದುವೆಮನೆಯವರೂ ಕೊಡ ಹಿಡಿದು ಓಡುತ್ತಾರೆ, ಯಾರೂ ಕೂಗುವುದಿಲ್ಲ. ಎದುರಿಗೆ ಕೂತವರು ಗಂಡಿನ ಸೋದರತ್ತೆ ಶರಣವ್ವ, ಬೈರಿದೇವರಕೊಪ್ಪದಿಂದ ಇದಕ್ಕೆಂದೇ ಬಂದವರು, ಎಷ್ಟ್ ಸಣ್ಣಾಕಿ ಅದಾಳವಾ ನಿಮ್ಮ ಹುಡುಗಿ, ನಮ್ಮ ಶಶಿಕುಮಾರ ಉಫ್ ಅಂದ್ರ ಹಾರಿ ಹೋಗ್ತಾಳ, ಎನ್ನುತ್ತಾರೆ, ಹೆಂಗಸರು ನಗುತ್ತಾರೆ, ಅವ್ವ ದುರಗವ್ವ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ, ನಗುತ್ತಲೇ ಮಗಳ ಸೆರಗನ್ನು ಕುತ್ತಿಗೆಯ ಮೇಲಕ್ಕೆ ಎಳೆಯುತ್ತಾಳೆ.

ಒಳಕೋಣೆಯಲ್ಲಿ ಅಣ್ಣ ಕೆಮ್ಮುತ್ತಾನೆ, ಅಂಬರೀಷಣ್ಣ, ಬೀಗರು ಹೋಗೋತನಕ ಹೊರಗ ಬರಬ್ಯಾಡಪಾ ಎಂದು ಅವ್ವ ಹೇಳಿಟ್ಟಿದ್ದಾಳೆ, ಅವನ ಕುತ್ತಿಗೆಯ ತುಂಬ ಗಂಟು, ಪಕ್ಕೆಲುಬಿನಡಿಯ ಗುಲ್ಮ ಬೆಳೆದು ಎಡಕ್ಕೆ ಉಬ್ಬಿದ ಹೊಟ್ಟೆ, ನನ್ನ ಹೊಟ್ಟ್ಯಾಗೂ ಬೀಗರು ಕುಂತಾರವಾ, ಉಂಡ್ರೂ ಏಳವಲ್ರು, ಎಂದು ಅವನೇ ನಗಿಸುತ್ತಾನೆ, ಸತ್ತೂರಿನ ದವಾಖಾನೆಗೆ ಅವನ ಜೊತೆ ಹೋಗಲು ಒಬ್ಬರು ಬೇಕಿತ್ತು, ಕರುಣಾ ಶಾಲೆ ಬಿಟ್ಟಳು, ಮೂಲೆಯ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದಳು, ಡಾಕ್ಟರಮ್ಮ ಹೇಳಿದ್ದು ಒಂದೂ ಮರೆತಿಲ್ಲ — ನೋಡವಾ, ಕಣದ ಮೈಮ್ಯಾಲ ರಿಸೆಪ್ಟರ್ ಅಂತ, ಹೊರಗಿನ ಸುದ್ದಿ ಒಳಗ ಒಯ್ಯೂವು, ಇರ್ತಾವ, ಜ್ವರದ ಕೂಡ ಬಡಿದಾಡಿದ ಬಿಳಿ ಕಣದ ಕೆಲಸ ಮುಗೀತಂದ್ರ ಇನ್ನೊಂದು ಕಣ ಬಂದು ಅದನ್ನ ಮುಟ್ತೈತಿ, ಮುಟ್ಟಿದ್ರ ಸಾಕು, ತಾನಾಗೇ ಸಾಯ್ತೈತಿ, ನಿಮ್ಮಣ್ಣಂದು ಮುಟ್ಟಿದ್ರೂ ಒಳಗ ಸುದ್ದಿ ಹೋಗೂದಿಲ್ಲ, ಸಾಯಬೇಕಾದವು ಸಾಯೂದಿಲ್ಲ, ಗಂಟಾಗಿ ಕೂಡ್ತಾವ — ಸಾವೆಂದರೆ ಕೆಟ್ಟದ್ದೆಂದಷ್ಟೇ ತಿಳಿದಿದ್ದಳು, ಸಾಯದಿರುವುದೂ ಒಂದು ರೋಗವೆಂದು ಯಾರು ಬಲ್ಲರು, ಆಮೇಲೊಮ್ಮೆ ಬಚ್ಚಲಲ್ಲಿ ಮುಖ ತೊಳೆಯುವಾಗ ಕೈ ತನ್ನ ಕುತ್ತಿಗೆಗೂ ಹೋಯಿತು, ಕಡಲೆಕಾಳಿನಷ್ಟು, ಒತ್ತಿದರೆ ನೋವಿಲ್ಲ, ಜಾರುತ್ತದೆ, ಆಚೆ ಬದಿಗೂ ಒಂದು. ಇದು ವಂಶದಾಗ ಬರೂದವಾ, ನೀನೂ ರಕ್ತ ಕೊಡು, ಇದ್ರೂ ಎಲ್ಲಾರಿಗೂ ತ್ರಾಸ ಆಗೂದಿಲ್ಲ, ಮಕ್ಕಳಿಗೆ ದಾಟಬಹುದು, ತಿಳಕೊಂಡಿರೂದು ಛಲೋ, ಎಂದಿದ್ದರು ಡಾಕ್ಟರಮ್ಮ, ಮದುವಿ ಆದಮ್ಯಾಲೆ ನೋಡೋಣು, ಈಗ ಬಾಯಿ ಮುಚ್ಚು, ಎಂದಳು ಅವ್ವ, ಶಶಿಕುಮಾರನೋ ಫೋನಿನಲ್ಲಿ ಕೇಳಿದ್ದ, ನನಗ ಮಕ್ಕಳಂದ್ರ ಭಾಳ ಜೀವ್ರಿ, ನಿಮಗ? ಹೇಳಲು ಅವಳ ಬಾಯಿ ತೆರೆದಿತ್ತು, ಬಂದದ್ದು ಹೂಂ ಎಂಬುದೊಂದೇ, ನಾಳೆ ತಾಳಿ.

ಕೆನ್ನೆ ಮುಗಿಯಿತು. ಶರಣವ್ವನ ಬೆರಳುಗಳು ಕಿವಿಯ ಕೆಳಗೆ ಇಳಿಯುತ್ತವೆ, ಸೆರಗು ಸರಿಸುತ್ತವೆ, ಜಾರುತ್ತವೆ, ನಿಲ್ಲುತ್ತವೆ, ಇದೇನವಾ ಗಂಟು? ಅವ್ವ ಥಟ್ಟನೆ, ಸೊಳ್ಳಿ ಕಡದೈತ್ರಿ, ಗಟಾರದ ಸೊಳ್ಳಿ, ಸಾಕಾಗೇತಿ ನೋಡ್ರಿ, ಎನ್ನುತ್ತಾಳೆ, ಶರಣವ್ವ ನಂಬುತ್ತಾರೆ, ಯಾಕೆ ನಂಬಬಾರದು, ಬೆರಳು ಮುಂದಕ್ಕೆ ಹೊರಟಿವೆ, ಹೋಗಿಬಿಟ್ಟರೆ ಮುಗಿಯಿತು, ಆಮೇಲೆ ಯಾವ ಮಗುವಿನ ಕುತ್ತಿಗೆಯಲ್ಲಿ, ಯಾವ ಬೆಂಚಿನ ಮೇಲೆ — ಕೈ ಎದ್ದಿದೆ, ಅವಳದೇ ಕೈ, ಶರಣವ್ವನ ಮಣಿಕಟ್ಟು ಹಿಡಿದಿದೆ, ಸೊಳ್ಳಿ ಅಲ್ರಿ ಅತ್ತಿ, ಈ ಕಡೀನೂ ಒಂದೈತಿ, ಮುಟ್ಟಿ ನೋಡ್ರಿ, ಯಾರ ದನಿ ಇದು, ಅವ್ವನ ಕೈ ಮತ್ತೆ ಸೆರಗಿಗೆ ಬರುತ್ತದೆ, ಹಳದಿ ಬೆರಳು, ಕುತ್ತಿಗೆಯ ಮೇಲೆ ಹಳದಿ ಬೆರಳು, ಒತ್ತುತ್ತಿಲ್ಲ, ತೆಗೆಯುತ್ತಿಲ್ಲ, ಹಳದಿ ಬೆರಳು