ಮೊದಲ ತುತ್ತು

ಏಪ್ರಿಲ್ ತಿಂಗಳ ಆ ಅಪರಾಹ್ನ! ಭೂಗೋಳದ ದಕ್ಷಿಣಾರ್ಧದ ಆ ದೂರದೇಶದಲ್ಲಿ ಆಗ ಶರದೃತು; ಅದರ ಹೊಂಬೆಳಕು ಬಾಟನಿ ಡೌನ್ಸ್‌ನ ಇಳಿಜಾರುಗಳ ಮೇಲೆ ಓರೆಯಾಗಿ ಚೆಲ್ಲಿತ್ತು. ನಿನ್ನೆಮೊನ್ನೆಯವರೆಗೆ ದನಗಳು ಮೇಯುತ್ತಿದ್ದ ಹಸುರು ದಿಬ್ಬಗಳಲ್ಲಿ ಈಗ ಒಂದೇ ಅಚ್ಚಿನ ಮನೆಗಳು ಸಾಲುಗಟ್ಟಿ ನಿಂತು, ಕಡಲ ಕಡೆಯಿಂದ ಓಡಿಬಂದ ತುಂತುರಿಗೆ ತೊಯ್ದು, ಮರುಕ್ಷಣವೇ ಬಿಸಿಲಿಗೆ ಮಿರುಗುತ್ತಿದ್ದವು... ಸಹೃದಯರೇ, ಇಂಥ ಪ್ರಶಾಂತ ರಮಣೀಯತೆಯ ನಡುವೆ, ಅಂಗಡಿಸಾಲಿನ ಕೊನೆಯ ಊಟದ ಮನೆಯಲ್ಲಿ ಒಬ್ಬ ಹೆಂಗಸಿನ ಮೈಯೆಲ್ಲ ಉರಿಯುತ್ತಿತ್ತೆಂದರೆ ನಂಬುತ್ತೀರಾ? ನಂಬಲೇಬೇಕು. ಕಾತ್ಯಾಯಿನಿಗೆ ಅಂದು ಬಂದದ್ದು ಸಾಮಾನ್ಯ ಸಿಟ್ಟಲ್ಲ.

ಐದು ವರ್ಷದ ಹಿಂದೆ ಅವಳೂ ಗಂಡ ದತ್ತಾತ್ರೇಯನೂ ಇಲ್ಲಿ 'ಕಾತ್ಯಾಯಿನಿ ಊಟದ ಮನೆ' ಎಂಬ ಹಲಗೆ ತೂಗುಹಾಕಿದ್ದರು. ಅಡುಗೆ ಅವಳದು, ಬಡಿಸುವುದು ಅವನದು. ಮೈಸೂರಿನ ಅವಳ ತವರಿನಲ್ಲಿ ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವ ಪದ್ಧತಿಯಿಲ್ಲ. ಉಪ್ಪು ಹುಳಿ ಖಾರದ ಹದವನ್ನು ಅವಳು ಆವಿಯ ಪರಿಮಳದಲ್ಲೇ ಅರಿಯುತ್ತಿದ್ದಳು. ಹನ್ನೊಂದಕ್ಕೆ ನಂಜುಂಡೇಶ್ವರನ ಪಟದ ಮುಂದೆ ಬೆಳ್ಳಿಬಟ್ಟಲು, ಆಮೇಲೆ ಮೊದಲ ತುತ್ತು ಗಂಡನಿಗೆ. ಅವನು ಕಣ್ಣುಮುಚ್ಚಿ "ಚೆನ್ನಾಗಿದೆ" ಎಂದರೆ ಸಾಕು... ಆ ಒಂದು ಮಾತಿಗಾಗಿಯೇ ಅವಳ ಬೆಳಗುಗಳೆಲ್ಲ ಬೆಳಗುತ್ತಿದ್ದವು! ಅವಳ ಪಾಲನ್ನು ಅವನು ಅಡುಗೆಮನೆಯಲ್ಲೇ ಪುಟ್ಟ ಪಾತ್ರೆಗೆ ತೆಗೆದಿಟ್ಟು, ಮಿಕ್ಕದ್ದನ್ನು ಹೊರಗೊಯ್ಯುತ್ತಿದ್ದ. ಗಿರಾಕಿಗಳೆಲ್ಲ ಎದ್ದುಹೋದ ಮೇಲೆ, ಮೂರು ಗಂಟೆಗೆ, ಅವಳ ಊಟ.

ಮೊದಮೊದಲು ಬರುತ್ತಿದ್ದವರೆಲ್ಲ ನಮ್ಮವರೇ. ಬಾಡಿಗೆ ಏರಿತು, ಅವರು ದೂರ ದೂರ ಹೋದರು, ಹೊಸ ಮನೆಗಳ ಹೊಸ ಜನ ಬಂದರು. ಅವರೂ ಉಂಡು ಮೆಚ್ಚಿದರು! ಎದುರು ಬೀದಿಯ ಮುದುಕಿ ಮಾರ್ಗರೆಟ್ ಅಡುಗೆಮನೆಯ ಬಾಗಿಲಿಗೇ ಬಂದು ಅವಳ ಎರಡೂ ಕೈ ಹಿಡಿದು ಹೊಗಳಿದ ದಿನ, ಕಾತ್ಯಾಯಿನಿ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆ ಅಪರಾಹ್ನ ಬಂದವನು ತಿಪ್ಪೇಸ್ವಾಮಿ. ಮೊದಲ ಎರಡು ವರ್ಷ ದಿನಾ ಇಲ್ಲೇ ಉಂಡು, ಕೆಲಸಕ್ಕೆಂದು ದೂರದ ಊರಾದ ನೆಲ್ಸನ್‌ಗೆ ಹೋಗಿ ಈಗ ಮರಳಿದವನು. ಎರಡು ತುತ್ತು ಉಂಡು, ಕೈ ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಕ್ಕಾರೆ, ನಿಮ್ಮ ಹುಳಿ ನೆನೆಸ್ಕೊಂಡು ಅಷ್ಟು ದೂರದಿಂದ ಬಂದೆ. ಇದು ನೀವು ಮಾಡಿದ್ದಲ್ಲ ಬಿಡಿ."

ಅವಳು ನಗುತ್ತಲೇ ಹೊರಗೆ ಬಂದು, ಬಡಿಸುವ ಕಟ್ಟೆಯ ಪಾತ್ರೆಗೆ ಸೌಟು ಅದ್ದಿ ನಾಲಗೆಗಿಟ್ಟಳು. ಸಿಹಿ! ಮಂದ, ಬೆಣ್ಣೆಯಂಥ, ಪೆದ್ದು ಸಿಹಿ! ಕಟ್ಟೆಯ ಕೆಳಗೆ ತೆಂಗಿನ ಹಾಲಿನ ಖಾಲಿ ಡಬ್ಬಿಗಳು, ಪಕ್ಕದಲ್ಲಿ ಸಕ್ಕರೆಯ ಚೀಲ.

ತಿಪ್ಪೇಸ್ವಾಮಿ ಹೋದ ಮೇಲೆ ದತ್ತಾತ್ರೇಯ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಹೊಸಬರು ಖಾರ ತಾಳದೆ ತಟ್ಟೆಗಳನ್ನು ಹಾಗೆಯೇ ಬಿಟ್ಟು ಹೋಗುತ್ತಿದ್ದರಂತೆ. ಅವಳ ಕಣ್ಣಿಗೆ ಬೀಳದ ಹಾಗೆ ಅವನ್ನು ತೊಳೆದಿಡುತ್ತಿದ್ದನಂತೆ. ಎರಡು ವರ್ಷದಿಂದ ದಿನಾ, ಅವಳ ಪಾಲು ತೆಗೆದಿಟ್ಟ ಮೇಲೆ, ಹೊರಗೊಯ್ದ ಹುಳಿಗೆ ತೆಂಗಿನ ಹಾಲು, ಸಕ್ಕರೆ ಬೆರೆಸುತ್ತಿದ್ದನಂತೆ.

"ಮಾರ್ಗರೆಟ್ಟು ನನ್ನ ಕೈ ಹಿಡ್ಕೊಂಡು ಹೊಗಳಿದರಲ್ಲ ರೀ, ಅದು ಯಾರ ಕೈಯಡುಗೆಯನ್ನ?"

"ನಿನಗೆ ನೋವಾಗಬಾರದು ಅಂತ..."

"ನೋವು ನನ್ನದು. ಅದನ್ನ ಬಚ್ಚಿಡೋಕೆ ನೀವ್ಯಾರು? ನಾಳೆ ನಾನೇ ಬಡಿಸ್ತೀನಿ. ಮತ್ತೆ ಒಂದು ಹನಿ ಬೆರೆಸಿದರೂ ಆ ಹಲಗೆ ಇಳಿಸಿಬಿಡಿ. ಅದರಲ್ಲಿರೋದು ನನ್ನ ಹೆಸರು."

ಮರುದಿನ ಅವಳು ಅಡುಗೆ ಮಾಡಿದಳೋ, ಯುದ್ಧ ಮಾಡಿದಳೋ! ಮೆಣಸಿನಕಾಯಿ ಹುರಿದ ಘಾಟು ಬೀದಿಗೆ ಹರಿಯಿತು, ಸೌಟು ಬಾಣಲೆಗೆ ಬಡಿದ ಸದ್ದಿಗೆ ಪಕ್ಕದ ಅಂಗಡಿಯವನು ಇಣುಕಿದ. ಹನ್ನೊಂದಕ್ಕೆ ದೇವರಿಗೆ ಬಟ್ಟಲಿಟ್ಟಳು. ಗಂಡ ಅಭ್ಯಾಸಬಲದಿಂದ ಅಂಗೈ ಚಾಚಿದ. ಅವಳು ಅವನ ಕಡೆ ನೋಡದೆ ಪಾತ್ರೆಯೆತ್ತಿಕೊಂಡು ಹೊರಗೆ ಹೋದಳು. ಆ ಬರಿಯ ಅಂಗೈ ಸ್ವಲ್ಪ ಹೊತ್ತು ಹಾಗೇ ಇತ್ತು.

ಬಡಿಸಿದಳು. ಕೆಲವರು ಉಂಡರು, ಕೆಲವರು ನೀರು ನೀರೆಂದರು. ಮಾರ್ಗರೆಟ್ ಕಣ್ಣೊರೆಸಿಕೊಳ್ಳುತ್ತ, ಇದು ತನಗೆ ಆಗದೆಂದು ಅರ್ಧ ತಟ್ಟೆ ಮರಳಿಸಿದಳು. ಎದೆ ಒಡೆಯುವುದೆಂದು ಕಾತ್ಯಾಯಿನಿ ಹಲ್ಲು ಕಚ್ಚಿ ನಿಂತಳು... ಒಡೆಯಲಿಲ್ಲ! ಮರಳಿ ಬಂದದ್ದು ಅವಳದೇ ಹುಳಿ. ಎರಡು ವರ್ಷ ಗಂಡ ಇಷ್ಟನ್ನೂ ತನ್ನಿಂದ ಕಸಿದಿದ್ದನಲ್ಲ ಎಂದು ಅವಳ ಸಿಟ್ಟು ಇಮ್ಮಡಿಸಿತು.

ಮೂರು ಗಂಟೆಗೆ ಅವಳು ಎರಡು ತಟ್ಟೆ ಹಾಕಿದಳು. ಅವನಿಗೆ ಬಡಿಸಿ, ಎದುರು ಕೂತು, ಹೇಗಿದೆ ಎಂದು ಕೇಳಿದಳು. ದತ್ತಾತ್ರೇಯ ಕಣ್ಣು ಮುಚ್ಚಲಿಲ್ಲ. ಅವಳನ್ನೇ ನೋಡಿದ.

"ಉಪ್ಪು ಮುಂದಾಗಿದೆ, ಕಾತ್ಯಾ."

ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವನು ಹೀಗಂದದ್ದು ಇದೇ ಮೊದಲು! ಅವಳೊಂದು ತುತ್ತು ಬಾಯಿಗಿಟ್ಟಳು. ನಿಜ, ಉಪ್ಪು ಜಾಸ್ತಿಯಾಗಿತ್ತು. ಸಿಟ್ಟಿನ ಕೈ ಎರಡು ಸಲ ಹಾಕಿರಬೇಕು.

"ಊರವರೆಲ್ಲ ಉಂಡು ಹೋದ ಮೇಲೆ ಹೇಳ್ತೀರಾ?"

"ಮೊದಲ ತುತ್ತು ನನಗೆ ಕೊಡಲಿಲ್ಲವಲ್ಲ ನೀನು."

ಅವಳ ಕಣ್ಣಲ್ಲಿ ನೀರಾಡಿತು. ಸಿಟ್ಟು ಇಳಿದಿರಲಿಲ್ಲ, ಅಷ್ಟು ಬೇಗ ಇಳಿಯುವಂಥದ್ದೂ ಅಲ್ಲ. ಆದರೂ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ, ಉಪ್ಪು ತಗ್ಗುವಂತೆ ಕಲಸಿಕೊಳ್ಳಲು ಹೇಳಿದಳು. ಹೊರಗೆ ಮತ್ತೆ ತುಂತುರು, ಮತ್ತೆ ಬಿಸಿಲು... ಮನುಷ್ಯಹೃದಯಕ್ಕೆ ಹೊಗಳಿಕೆಯ ಹಸಿವು ಎಷ್ಟೇ ಇರಲಿ, ಅದು ಕೊನೆಗೆ ತಣಿಯುವುದು ತನ್ನವರ ಬಾಯಿಂದ ಬಂದ ನಿಜದಿಂದಲೇ. ಮರುದಿನ ಹನ್ನೊಂದಕ್ಕೆ ಅವಳು ಅವನ ಅಂಗೈಗೆ ಮೊದಲ ತುತ್ತು ಹಾಕಿ ಕಾದು ನಿಂತಳು.