ಗ್ಯಾಸಬತ್ತಿ ಬೆಳಕಿನ ರಕ್ಕಸ

ಕೆಂಪು, ಎಲ್ಲ ಕೆಂಪು, ಬೆರಳೂ ಕೆಂಪು, ತಟ್ಟೆಯೊಳಗಿನ ಔಷಧದ ನೀರೂ ಕೆಂಪು, ಲಾಟೀನಿಗೆ ಸುತ್ತಿದ್ದು ಅವ್ವನ ಹಳೆಯ ಇಳಕಲ್ ಸೀರೆಯ ಸೆರಗು, ಅದು ಸುಡುತ್ತಿರುವ ವಾಸನೆಯೋ ಔಷಧದ ವಾಸನೆಯೋ — ಕಳಕಪ್ಪ ಮೂಗು ಏರಿಸಿದ, ತಟ್ಟೆ ಮಾತ್ರ ಬಿಡಲಿಲ್ಲ, ಈ ಕಡೆ ಎತ್ತು, ಆ ಕಡೆ ಇಳಿಸು, ಕೂಸಿನ ತೊಟ್ಟಿಲು ತೂಗಿದ ಹಾಗೆ, ಒಳಗೆ ಮಲಗಿರುವುದು ಫೋಟೊದ ಗಾಜಿನ ಪ್ಲೇಟು, ಕುಷ್ಟಗಿಯಲ್ಲಿ ಉಳಿದಿದ್ದ ಕೊನೆಯ ಪ್ಲೇಟು, ಯುದ್ಧ ಮುಗಿಯುವವರೆಗೆ ಮುಂಬಯಿಯಿಂದ ಇನ್ನೊಂದು ಬರುವ ಮಾತೇ ಇಲ್ಲ, ಬಾಗಿಲ ಹೊರಗೆ ಕೂತಿದ್ದಾರೆ ಅಡತಿ ಅಂಗಡಿಯ ಹಂಪಣ್ಣ ಸಾಹುಕಾರರು, ನಿನ್ನೆ ರಾತ್ರಿಯ ದೊಡ್ಡಾಟದ ರಕ್ಕಸ, ಊಟದ ಹೊತ್ತಾದರೂ ಬಣ್ಣ ಪೂರಾ ತೊಳೆದಿಲ್ಲ, ಕಿವಿಯ ಹಿಂದೆ ಇನ್ನೂ ಇಂಗಳೀಕದ ಕೆಂಪು, ಬಂದೈತೇನಪಾ ಕಳಕಪ್ಪಾ, ಇನ್ನೂ ಇಲ್ರೀ ಸಾವಕಾರ್ರ, ಬಾಗಿಲ ತಗೀಬ್ಯಾಡ್ರಿ, ಬೆಳಕ ಬಿದ್ರ ಎಲ್ಲಾ ಹೋತು. ಎಲ್ಲ ಅಂದರೆ ಪ್ಲೇಟು, ಪ್ಲೇಟಿನ ಹಿಂದೆಯೇ ಅವರ ಮಗಳು ಶೇಖರಮ್ಮ.

ಸಾಹುಕಾರರು ಹತ್ತು ಮಂದಿಯ ಮುಂದೆ ಆಡಿದ ಮಾತು, ತಪ್ಪಿಸುವ ಹಾಗಿಲ್ಲ, ಆಟ ನಡದಾಗ, ಮಂದಿ ಕೇಕಿ ಹಾಕೂವಾಗ ನನ್ನ ರಕ್ಕಸನ್ನ ಪಟದಾಗ ಹಿಡದು ಕೊಟ್ರ ಮಗಳನ್ನ ಕೊಡ್ತೀನಿ, ಇಲ್ಲಂದ್ರ ಕಾರಟಗಿ ಅಕ್ಕಿ ಗಿರಣಿ ಮನಿತನದವ್ರು ಕಾದು ಕುಂತಾರ. ಹಗಲು ಬಿಸಿಲಿನಲ್ಲಿ ವೇಷ ಹಾಕಿಕೊಂಡು ನಿಂತುಬಿಡಿ, ಕಣ್ಣೆವೆ ಸಮೇತ ಬರುತ್ತೀರಿ ಎಂದು ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಕಳಕಪ್ಪ ಹೇಳಿದ, ನಾನೇನು ಬೀದಿ ಬೀದಿ ತಿರುಗುವ ಹಗಲುವೇಷದವನೇ ಎಂದು ಅವರಿಗೆ ಸಿಟ್ಟು ಬಂತು. ಕಾರಟಗಿಯವರಿಗೆ ತೋರಿಸಲು ಹುಡುಗಿಯ ಫೋಟೊ ತೆಗೆದವನೂ ಇದೇ ಕಳಕಪ್ಪ, ತನ್ನ ಕೊರಳಿಗೆ ತಾನೇ ಹಗ್ಗ ಹೊಸೆದುಕೊಂಡವನು, ಹುಡುಗಿಯ ಸೋದರತ್ತೆ, ಸಾಹುಕಾರರ ಅಕ್ಕ ಪಕ್ಕೀರವ್ವ ಜೊತೆಗೆ ಬಂದು ಎಲೆ ಅಡಿಕೆ ಜಗಿಯುತ್ತ ಕಾವಲು ಕೂತಿದ್ದಳು, ಶೇಖರಮ್ಮ ಕುರ್ಚಿಯ ತುದಿಗೆ ಕೂತು ಒಂದೇ ಒಂದು ಮಾತು ಕೇಳಿದಳು, ಅಲಗಿದ್ರ ಏನಾಗ್ತೈತ್ರಿ, ಇವನು ಪಂಡಿತನ ಹಾಗೆ ಗಂಟಲು ಸರಿಮಾಡಿಕೊಂಡು, ಅಲಗಿದವ್ರು ಬರೂದಿಲ್ರಿ, ಸುಮ್ನ ಕುಂತವ್ರಷ್ಟ ಉಳೀತಾರ, ಅಂದ. ಆಮೇಲೆ ತೆಗೆದ ಮೂರು ಪ್ಲೇಟಿನಲ್ಲೂ ಅವಳ ಮುಖ ಮಂಜು, ಮೂಗುತಿ ಒಂದು ಗೆರೆ, ಬಳಪದಿಂದ ಎಳೆದ ಹಾಗೆ. ಕುತ್ತಿಗೆಗೆ ವಾಯು ಹಿಡಿದಿರಬೇಕು, ಎಣ್ಣೆ ತಿಕ್ಕಿಸಿ ಎಂದು ಪಕ್ಕೀರವ್ವನಿಗೆ ಸಲಹೆ ಬೇರೆ ಕೊಟ್ಟ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಶೇಖರಮ್ಮ, ಪಕ್ಕೀರವ್ವ ಅಲ್ಲ, ಪಕ್ಕೀರವ್ವ ನಕ್ಕಿದ್ದನ್ನು ಈ ತಾಲೂಕಿನಲ್ಲಿ ಯಾರೂ ಕಂಡಿಲ್ಲ.

ಪ್ಲೇಟಿನ ಮೇಲೆ ಎರಡು ಕರಿ ಮಚ್ಚೆ ಮೂಡುತ್ತಿವೆ, ಅವು ಆಟಕ್ಕೆ ಬೆಳಕು ಹಚ್ಚುವ ದಾದೇಸಾಬನ ಗ್ಯಾಸಬತ್ತಿಗಳು, ಇಲ್ಲಿ ಎಲ್ಲ ತಿರುವುಮುರುವು, ಬೆಳಗಿದ್ದು ಕಪ್ಪು, ಕತ್ತಲಿದ್ದದ್ದು ಬಿಳುಪು — ಮೂಲೆಯಲ್ಲಿ ಒಂದು ಚುಕ್ಕಿ, ಸಾಸಿವೆ ಕಾಳಿಗಿಂತ ಸಣ್ಣದು, ಧೂಳು, ಹಾಳಾದ ಧೂಳು, ಕುಷ್ಟಗಿಯ ಧೂಳಿಗೆ ಬಾಗಿಲಿಲ್ಲ ಕೀಲಿಯಿಲ್ಲ, ಇರಲಿ, ಅದು ಮೂಲೆ, ರಕ್ಕಸ ಇರುವುದು ನಡುವೆ. ಮೆಗ್ನೀಷಿಯಂ ಪುಡಿ ಹೊತ್ತಿಸಿದ್ದರೆ ಈ ಪಾಡು ಇರಲಿಲ್ಲ, ಫಕ್ಕನೆ ಬೆಳಕು, ಮುಗಿಯಿತು ಕೆಲಸ, ಆದರೆ ಹಾಗೆ ಮಾಡಿಯೇ ಹೋದ ವರ್ಷ ಯಲಬುರ್ಗಿಯಲ್ಲಿ ರಾಣಿ ಪಾತ್ರದ ಅಮರಪ್ಪ ನಿಜಾಮರ ತೋಪು ಹಾರಿತೆಂದು ತಲೆಯ ಚವರಿಗೂದಲು ಕಿತ್ತೊಗೆದು, ಸೀರೆ ಮೊಣಕಾಲಿಗೆ ಎತ್ತಿ, ಊರ ಹೊರಗಿನ ಜೋಳದ ಹೊಲ ಸೇರಿದ, ಬೆಳಗಾದ ಮೇಲೆ ಹುಡುಕಿ ತಂದರು, ಅಂದಿನಿಂದ ಆಟದ ಹತ್ತಿರ ಪುಡಿ ತರಕೂಡದೆಂದು ಪಂಚರ ಹುಕುಂ. ಉಳಿದದ್ದು ಗ್ಯಾಸಬತ್ತಿ, ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದು ಕಾಯುವುದು, ಕಾಯುವುದಕ್ಕೆ ಗಡಿಯಾರ ಎಲ್ಲಿಂದ ಬರಬೇಕು, ಓಂ ನಮಃ ಶಿವಾಯ ಒಂದು, ಓಂ ನಮಃ ಶಿವಾಯ ಎರಡು, ಬಿಸಿಲಿಗೆ ಅರ್ಧ ಶಿವಾಯ ಸಾಕು, ಗ್ಯಾಸಬತ್ತಿಗೆ ಇಪ್ಪತ್ತಾದರೂ ಬೇಕು, ಅಷ್ಟು ಹೊತ್ತು ರಕ್ಕಸ ಗದೆ ಎತ್ತಿ ಕಲ್ಲಾಗಿ ನಿಲ್ಲಬೇಕು. ನಿಲ್ತೀನೇಳು, ಮಿರ್ಜಾ ತಹಸೀಲ್ದಾರ್ರ ಮುಂದ ತಾಸುಗಟ್ಲೆ ನಿಂತಾಂವ ನಾನು, ಅಂದಿದ್ದರು ಸಾಹುಕಾರರು.

ನಿನ್ನೆ ರಾತ್ರಿ ನಿಂತರು, ಸುಳ್ಳು ಹೇಳಬಾರದು, ಗದೆ ಎತ್ತಿ, ಕಣ್ಣು ಕೆಕ್ಕರಿಸಿ, ಒಂದು ಕಾಲು ಮುಂದಿಟ್ಟು ಕಲ್ಲಿನ ಹಾಗೆ ನಿಂತರು, ಕಳಕಪ್ಪ ಮುಚ್ಚಳ ತೆಗೆದ, ಶಿವಾಯ ಒಂದು, ಎರಡು, ಮೂರು, ಆಗ ಹೊಳೆಯಿತು ಇವನಿಗೆ, ಇಷ್ಟು ದಿನ ಹೊಳೆಯದ್ದು, ಅದೂ ಇದೇ ಊರಲ್ಲಿ ಹುಟ್ಟಿ ದೊಡ್ಡಾಟ ನೋಡುತ್ತಲೇ ಮೀಸೆ ಬಂದವನಿಗೆ — ಕುಣಿಯುವ ವೇಷ ನಡುವೆ ನಿಂತಿತೆಂದರೆ ಅದು ಆಯೇರಿಗೆ ನಿಂತಿತೆಂದೇ ಲೆಕ್ಕ, ಬೀಗರು ನೆಂಟರು ರಂಗಕ್ಕೆ ಏರಿ ಬಟ್ಟೆ ಉಡುಗೊರೆ ಕೊಡುವ ಹೊತ್ತು. ಭಾಗವತ ತಾಳ ನಿಲ್ಲಿಸಿದ, ಎದ್ದರು ನೋಡು ಮಂದಿ, ಒಬ್ಬ ಧೋತರ, ಒಬ್ಬ ರುಮಾಲು, ಒಬ್ಬ ಕಂಬಳಿ, ಮೊದಮೊದಲು ರಕ್ಕಸ ಕದಲಲಿಲ್ಲ, ಆಮೇಲೆ ಬೀಗರಿಗೆ ನಮಸ್ಕಾರ ಮಾಡದೆ ಇರುವುದು ಹೇಗೆ, ಬಗ್ಗಿದ, ಎದ್ದ, ಬಗ್ಗಿದ, ಆರೋ ಎಂಟೋ ಸಲ, ಶಿವಾಯ ಎಷ್ಟಾಯಿತೋ ಶಿವನಿಗೇ ಗೊತ್ತು, ಮುಚ್ಚಳ ಕೈಯಲ್ಲೇ ಇತ್ತು, ಮುಚ್ಚಿದರೆ ಬೆಳಕು ಸಾಲದೆ ಪ್ಲೇಟು ಹಾಳು, ಮುಚ್ಚದಿದ್ದರೂ ಹಾಳು. ಕೊನೆಗೆ ಬಂದವಳು ಪಕ್ಕೀರವ್ವ, ತಮ್ಮನಿಗೆ ಜರಿ ರುಮಾಲು ಹೊದಿಸಿ ಕ್ಯಾಮೆರಾದ ಎದುರಿಗೇ ಬೆನ್ನು ಮಾಡಿ ನಿಂತಳು, ಕೊಟ್ಟವರ ಹೆಸರು ಭಾಗವತ ಕೂಗಬೇಕಲ್ಲ, ಕೂಗಿದ, ಗಂಡನ ಮನೆತನ ಬಿಟ್ಟು ಕೂಗಿದ, ಅವಳು ಇಳಿಯಲಿಲ್ಲ, ಪೂರಾ ಹೆಸರು ಹೇಳೂ ಮಟ ಇಳಿಯಂಗಿಲ್ಲ ನಾ, ಅಂದಳು.

ಬಂತು, ಪ್ಲೇಟಿನ ನಡುವೆ ಏನೋ ಬಂತು, ಅಗಲವಾದದ್ದು, ಗಟ್ಟಿಯಾದದ್ದು, ರಕ್ಕಸನ ಎದೆಯೇ ಶಿವನೇ, ಅಲ್ಲ, ಅಂಚು ಇದೆ, ಸೆರಗಿನ ನಿರಿಗೆ ಇದೆ, ತುರುಬು ಇದೆ, ತುರುಬಿನಲ್ಲಿ ಹೂವೂ ಇದೆ, ಪಕ್ಕೀರವ್ವನ ಬೆನ್ನು, ಬಿಸಿಲಿನಲ್ಲಿ ತೆಗೆದರೂ ಇಷ್ಟು ಚೊಕ್ಕ ಬರುತ್ತಿರಲಿಲ್ಲ, ಅವಳ ಹಿಂದೆ ಹೊಗೆಯ ಹಾಗೆ ಒಂದು ಕಿರೀಟ, ಗದೆಯಿಲ್ಲ, ಮೀಸೆಯಿಲ್ಲ, ಸಾಹುಕಾರರು ಬಗ್ಗಿ ಬಗ್ಗಿ ಗಾಳಿಯಲ್ಲಿ ಕರಗಿಹೋಗಿದ್ದಾರೆ. ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಹೋಯಿತು, ಕಾರಟಗಿಗೆ ಹೋಯಿತು ಗಾಡಿ, ಅವಳು ಅಲ್ಲಿ ಅಕ್ಕಿ ಗಿರಣಿಯ ತೌಡಿನ ಧೂಳಿನಲ್ಲಿ, ಇವನು ಇಲ್ಲಿ ಈ ಧೂಳಿನಲ್ಲಿ, ಧೂಳು, ಆ ಚುಕ್ಕಿ, ಇನ್ನೂ ಇದೆ, ಒರೆಸಿದರೂ ಹೋಗುವುದಿಲ್ಲ, ಬೆರಳು ತುದಿಗೆ ಹತ್ತುವುದಿಲ್ಲ, ಗಾಜಿನ ಮೇಲಿಲ್ಲ ಅದು, ಒಳಗಿದೆ. ಬಂತೇನೋ, ನಾ ಅಲಗಿಲ್ಲ ಹೌದಿಲ್ಲೋ, ಹೊರಗೆ ಸಾಹುಕಾರರು ಬಾಗಿಲು ಬಡಿಯುತ್ತಿದ್ದಾರೆ.

ಚುಕ್ಕಿಯ ಸುತ್ತ ಒಂದು ಮೂಗು, ಮೂಗಿನ ಸುತ್ತ ಒಂದು ಮುಖ, ಹೆಂಗಸರು ಕೂತ ಕಡೆ, ಬಲಗಡೆಯ ಬತ್ತಿಯ ಕೆಳಗೆ, ಎಲ್ಲರೂ ಮಂಜು, ಅಕ್ಕಪಕ್ಕದವರೆಲ್ಲ ಮಂಜು, ಆ ಮುಖವೊಂದು ಕೆತ್ತಿದ ಹಾಗಿದೆ, ನೆಟ್ಟಗೆ ಕ್ಯಾಮೆರಾದ ಕಡೆ ನೋಡುತ್ತಿದೆ. ಬತ್ತಿಗೆ ಗಾಳಿ ಹಾಕುತ್ತ ದಾದೇಸಾಬ ಗೊಣಗಿದ್ದು ಈಗ ಕೇಳಿಸಿತು, ನಿನ್ನೆ ಕೇಳಿಸಿದ್ದರೂ ಈಗ ಕೇಳಿಸಿತು, ಸಾವಕಾರ್ರ ಮಗಳು ನೋಡ್ರಿ, ತಲಿ ಮ್ಯಾಲ ಹುಳ ಸುರೀತಾವ, ಆ ಕಡಿ ಸರಕೋವಾ ಅಂದ್ರ ಹೂಂ ಅನ್ನವಲ್ಲಳು, ಉಸುರೂ ಬಿಡವಲ್ಲಳು. ಸುಮ್ನ ಕುಂತವ್ರಷ್ಟ ಉಳೀತಾರ, ಅಂದವನು ತಾನೇ, ಹೇಳಿ ಮರೆತವನೂ ತಾನೇ, ಕಾರಟಗಿಗೆ ಹೋಗಬೇಕಾದ ಮೂರು ಪ್ಲೇಟಿನಲ್ಲಿ ಅವಳು ಅಲುಗಿದ್ದಳು, ಬೇಕೆಂದೇ ಅಲುಗಿದ್ದಳು, ವಾಯುವಂತೆ, ಎಣ್ಣೆಯಂತೆ, ಎಂಥ ಕೋಣ ನಾನು, ಎಂದುಕೊಂಡ ಕಳಕಪ್ಪ, ಕಣ್ಣು ತುಂಬಿ ಬಂತು, ಔಷಧದ ಖಾರಕ್ಕಲ್ಲ, ಪ್ಲೇಟನ್ನು ಎತ್ತಿ, ಮೂಡಿದ ಪಟ ಅಳಿಯದಂತೆ ಉಳಿಸುವ ಹೈಪೋ ತಟ್ಟೆಗೆ ಇಳಿಸಿದ. ಬಾಗಿಲ ಕಡೆ ತಿರುಗಿ, ಜನ್ಮದಲ್ಲಿ ಮೊದಲ ಸಲ ಸಾಹುಕಾರರಿಗೆ ಗಟ್ಟಿಯಾಗಿ ಹೇಳಿದ, ಸಾವಕಾರ್ರ, ನೀವು ಬಂದಿಲ್ರಿ, ಕಾರಟಗಿಯವ್ರಿಗೆ ಹೂಂ ಅನ್ನೂಕಿಂತ ಮೊದಲ ನಿಮ್ಮ ಮಗಳನ್ನ ಒಂದ ಮಾತು ಕೇಳ್ರಿ. ಹೊರಗೆ ಬಡಿತ ನಿಂತಿತು, ಏನಂತಾರೋ, ಬೈತಾರೋ, ಬಾಗಿಲು ಒದೀತಾರೋ, ಅನ್ನಲಿ, ಒದೆಯಲಿ, ಹೈಪೋದಲ್ಲಿ ಹಾಲುಬಣ್ಣ ಕರಗಿ ಗಾಜು ತಿಳಿಯಾಗುತ್ತಿದೆ, ಬೆನ್ನು, ಕಿರೀಟ, ಹೊಗೆ, ಮಂಜು, ಮೂಲೆಯಲ್ಲಿ ಮೂಗುತಿ, ಗೆರೆಯಲ್ಲ, ಚುಕ್ಕಿ, ಹುಳ ಸುರಿದರೂ ಅಲುಗದ, ಒಂದೇ ಚುಕ್ಕಿ —