ಐದು ಬಾಗಿಲು

ತರಬೇತಿಯ ಆರನೆಯ ದಿನ, ಪರೀಕ್ಷೆಗೆ ಇಪ್ಪತ್ತು ನಿಮಿಷ ಉಳಿದಿರುವಾಗ, ಸೊಸೆ ಮಾಂಸದ ಬಕೆಟ್ಟುಗಳನ್ನು ಮೂರನೆಯ ಸಲ ತೂಗಿದಳು. ತೂಕ ಬದಲಾಗಿರಲಿಲ್ಲ. ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ, ಅಷ್ಟೆ.

ಮೃಗಾಲಯದ ಸಿಂಹಗಳಿಗೆ ಇಬ್ಬರು ಪಾಲಕರು: ಮಾವ ಮತ್ತು ಸೊಸೆ. ಮಾವನದು ಮೂವತ್ತೊಂದು ವರ್ಷದ ಸೇವೆ; ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಸೊಸೆಯದು ಎರಡು ವರ್ಷ. ಬೀಗದ ಕೈಗಳು ಮಾವನ ಸೊಂಟದಲ್ಲಿರುತ್ತಿದ್ದವು. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಅವನ್ನು ಬಿಚ್ಚಿಕೊಡಬೇಕೆಂದು ತರಬೇತಿ ನೀಡಲು ಬಂದ ಪಶುವೈದ್ಯೆ ಮೊದಲ ದಿನವೇ ತಿಳಿಸಿದ್ದಳು.

ಪರೀಕ್ಷೆ ಎಣಿಕೆಯದು. ಆವರಣದಲ್ಲಿರುವ ಸಿಂಹಗಳನ್ನು ಕೋಣೆಗೊಂದರಂತೆ ಐದು ಒಳಕೋಣೆಗಳಿಗೆ ಕರೆದು, ಮೇಲಿನಿಂದ ಬೀಳುವ ಕಬ್ಬಿಣದ ಬಾಗಿಲುಗಳನ್ನು ಇಳಿಸಿ, ಎಣಿಸಬೇಕು. ಐದೂ ಒಳಗಿವೆಯೆಂದು ಖಚಿತವಾದ ಮೇಲೆ ಒಬ್ಬರು ಆವರಣಕ್ಕೆ ಹೋಗಿ ಗುಡಿಸಬೇಕು. ಗುಡಿಸುವವಳು ಸೊಸೆ.

"ಐದರ ತನಕ ಎಣಿಸೋಕೆ ಆರು ದಿನದ ತರಬೇತಿಯಾ, ಡಾಕ್ಟ್ರಮ್ಮ?" ಎಂದು ಮೊದಲ ದಿನ ಮಾವ ಕೇಳಿದ್ದರು. "ನನ್ನ ಮೊಮ್ಮಗಳು ಇಪ್ಪತ್ತರ ತನಕ ಹೇಳ್ತಾಳೆ."

"ಹೇಳ್ತಾಳೆ ಸರಿ. ನೋಡಿ ಎಣಿಸ್ತಾಳಾ, ಯಜಮಾನ್ರೇ?"

ತರಬೇತಿಗೆ ಬಂದಿದ್ದ ಜಿಂಕೆಯ ಪಾಲಕರು, ಹಕ್ಕಿಯ ಪಾಲಕರು ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಮಾವ ಸಿಂಹಗಳನ್ನು ಎಣಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವರು ಕಾರಿಡಾರಿನ ತುದಿಯಲ್ಲಿ, ಬಾಗಿಲುಗಳನ್ನು ಎತ್ತಿ ಇಳಿಸುವ ಹಿಡಿಕೆಗಳ ಬಳಿ ನಿಂತು ಬಾಗಿಲು ಬೀಳುವ ಸದ್ದನ್ನು ಎಣಿಸುತ್ತಿದ್ದರು. ಐದು ಸದ್ದು, ಆದ್ದರಿಂದ ಐದು ಸಿಂಹ. "ಐದು!" ಎಂದು ಅವರು ಕೂಗುವರು. "ಐದು, ಮಾವ," ಎಂದು ಅವಳು ಅನ್ನುವಳು. ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪಾಗಿರಲಿಲ್ಲ. ಆದ್ದರಿಂದ ಅವಳು ಯಾರಿಗೂ ಹೇಳಿರಲೂ ಇಲ್ಲ. ಈ ಆರು ದಿನಗಳಲ್ಲಿ ಮಾತ್ರ ಅದು ಗಂಟಲಿನ ಮುಳ್ಳಾಗಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ತಿಂಡಿಗೆ ಕೂತಾಗ ಅದನ್ನು ಗಂಡನ ಕಿವಿಗೆ ಹಾಕಿದ್ದಳು. "ಅಪ್ಪನ ಎದುರು ಬಾಯಿ ತೆಗೀಬೇಡ," ಎಂದಿದ್ದ ಅವನು. "ಹದಿನಾಲ್ಕು ತಿಂಗಳು ಹೇಗೋ ದಾಟ್ಲಿ."

ಒಲೆಯ ಬಳಿಯಿದ್ದ ಅತ್ತೆಗೆ ಅರ್ಧ ಕೇಳಿಸಿತ್ತು. "ಯಾರಿಗೆ ಪರೀಕ್ಷೆ, ಇವರಿಗಾ? ನಾನು ಹುಟ್ಟಿದ ದಿನ ಕೇಳು, ಬೆಬ್ಬೆಬ್ಬೆ ಅಂತಾರೆ. ಆ ಹೆಣ್ಣುಸಿಂಹದ ಹಲ್ಲು ಬಿದ್ದ ದಿನ ಕೇಳು, ವಾರ ಸಮೇತ ಒಪ್ಪಿಸ್ತಾರೆ."

ಒಂಬತ್ತಕ್ಕೆ ಪರೀಕ್ಷೆ ಆರಂಭವಾಯಿತು. ವೈದ್ಯೆ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟಳು. ಅದರಲ್ಲಿ ಐದು ಕೋಣೆಗಳಿಗೆ ಐದು ಚೌಕದ ಮನೆ, ಕೆಳಗೆ ಮೊತ್ತ. "ಒಬ್ಬರಾದ ಮೇಲೆ ಒಬ್ಬರು ಬರೀಬೇಕು. ಮಾತಾಡೋ ಹಾಗಿಲ್ಲ."

ಮಾವ ಹಿಡಿಕೆ ಎಳೆದರು. ಮೊದಲು ಬಂದದ್ದು ಗಂಡು, ಗಡ್ಡಪ್ಪ. ಒಂದನೆಯ ಬಾಗಿಲು ಬಿತ್ತು. ಆಮೇಲೆ ಹಿರಿಯಕ್ಕ, ಎರಡನೆಯದು ಬಿತ್ತು. ಮೂರನೆಯದು ಚಿಕ್ಕವಳ ಕೋಣೆ. ಹೊರಗೆ ಏನೋ ಸರಿದ ಸದ್ದಾಯಿತು, ಬಾಗಿಲು ಬಿತ್ತು. ಕಿವಿಹರಕಿ ನಾಲ್ಕಕ್ಕೆ, ಸೋಮಾರಿ ಐದಕ್ಕೆ. ಮಾವ ನಿಂತಲ್ಲಿಯೇ ಚೀಟಿ ತುಂಬಿ ಕೊಟ್ಟರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಸೊಸೆ ಕೋಣೆಯಿಂದ ಕೋಣೆಗೆ ನಡೆದಳು. ಒಂದು, ಒಂದು. ಮೂರನೆಯ ಕೋಣೆಯಲ್ಲಿ ಮಾಂಸವಿತ್ತು, ಸಿಂಹವಿರಲಿಲ್ಲ. ನಾಲ್ಕರಲ್ಲಿ ಒಂದು, ಐದರಲ್ಲಿ ಒಂದು. ತಿರುಗಿ ಬಂದು ಮೂರನೆಯದನ್ನು ಮತ್ತೆ ನೋಡಿದಳು. ಆವರಣದ ಬಾಗಿಲಿನ ಕಿಂಡಿಯಲ್ಲಿ ಕಣ್ಣಿಟ್ಟಳು. ಅರ್ಧ ಆವರಣ ಕಾಣಿಸಿತು; ಉಳಿದರ್ಧ ಬಂಡೆಯ ಮರೆಯಲ್ಲಿತ್ತು.

ನಾಲ್ಕು ಎಂದು ಬರೆದರೆ ಮಾವನ ಸೊಂಟ ಬರಿದಾಗುತ್ತದೆ. ಐದು ಎಂದು ಬರೆದರೆ ಪೊರಕೆ ಹಿಡಿದು ತಾನೇ ಆ ಬಂಡೆಯ ಆಚೆಗೆ ಹೋಗಬೇಕು. ಮಾವ ದೂರದಿಂದ ಹುಬ್ಬು ಹಾರಿಸಿದರು: ಏನು ತಡ? ಪೆನ್ಸಿಲ್ಲಿನ ಮೊನೆ ಎರಡು ಸಲ ಚೀಟಿಯನ್ನು ಮುಟ್ಟಿ ಹಿಂದೆ ಬಂತು. ಮೂರನೆಯ ಸಲ ಅವಳು ನಾಲ್ಕು ಎಂದು ಬರೆದಳು.

ವೈದ್ಯೆ ಎರಡು ಚೀಟಿಗಳನ್ನೂ ಓದಿದಳು. "ಹೊಂದ್ತಿಲ್ಲ. ಬಾಗಿಲು ತೆಗೆಯೋ ಹಾಗಿಲ್ಲ."

"ನಾಲ್ಕಂತೆ ನಾಲ್ಕು!" ಮಾವನ ಮುಖ ಕೆಂಪಾಯಿತು. "ಇನ್ನೊಂದನ್ನ ನುಂಗಿ ನೀರು ಕುಡಿದ್ಯೇನಮ್ಮ?"

"ಕಾಣಲಿಲ್ಲ, ಮಾವ."

"ಮನೇಲಿ ಉಪ್ಪಿನ ಡಬ್ಬಿ ಎದುರಿಗಿದ್ರೂ ಕಾಣಲ್ಲ ಇವಳಿಗೆ. ಬನ್ನಿ ಡಾಕ್ಟ್ರಮ್ಮ, ತೋರಿಸ್ತೀನಿ."

ಮೂವರೂ ಟಾರ್ಚು ಹಿಡಿದು ಹೋದರು. ಎರಡನೆಯ ಕೋಣೆಯಲ್ಲಿ ಹಿರಿಯಕ್ಕ ಗುರುಗುಟ್ಟುತ್ತ ಮಾಂಸದ ಮೇಲೆ ಕವುಚಿಕೊಂಡಿತ್ತು. ಅದರ ಹಿಂದೆ, ಮಲಗುವ ಹಲಗೆಯ ಕೆಳಗಿನ ಕತ್ತಲಲ್ಲಿ, ಇನ್ನೊಂದು ಬಾಲ. ಚಿಕ್ಕವಳು ಅಕ್ಕನ ಹಿಂದೆಯೇ ನುಗ್ಗಿ, ಈಗ ಏಟಿನ ಭಯದಲ್ಲಿ ಗೋಡೆಗಂಟಿ ಕೂತಿತ್ತು.

"ನೋಡಿದ್ರಾ? ಐದು!" ಎಂದು ಮಾವ ಸೊಸೆಯತ್ತ ತಿರುಗಿದರು. "ಈಗೇನಂತೀಯ?"

ಸೊಸೆ ಹಲಗೆಯ ಕೆಳಗೆ ಇನ್ನೊಮ್ಮೆ ಟಾರ್ಚು ಬಿಟ್ಟಳು. ಅವಳ ಎಣಿಕೆ ತಪ್ಪಾಗಿತ್ತು.

ವೈದ್ಯೆ ಮಾವನ ಚೀಟಿಯ ಮೇಲೆ ಬೆಳಕು ಬಿಟ್ಟಳು. "ಎರಡನೇ ಮನೇಲಿ ಎಷ್ಟು ಬರೆದಿದೀರಿ, ಯಜಮಾನ್ರೇ?"

"ಒಂದು."

"ಮೂರನೇದ್ರಲ್ಲಿ?"

ಅಲ್ಲಿಯೂ ಒಂದು. ಮಾವ ಚೀಟಿಯನ್ನು ದಿಟ್ಟಿಸಿದರು. ಮೊತ್ತ ಸರಿಯಾಗಿತ್ತು, ಐದು ಮನೆಗಳಲ್ಲಿ ಎರಡು ಸುಳ್ಳಾಗಿದ್ದವು.

"ಮೂರರಲ್ಲಿ ಒಂದನ್ನ ನೋಡಿದ್ರಾ?"

ಗಡ್ಡಪ್ಪ ಬಾಗಿಲಿಗೆ ಭುಜ ಕೊಟ್ಟು ಗುದ್ದಿತು.

"ನೋಡ್ಲಿಲ್ಲ," ಎಂದರು ಮಾವ. "ಬಾಗಿಲು ಎಣಿಸ್ದೆ."

"ಇವತ್ತೊಂದು ದಿನವಾ?" ವೈದ್ಯೆ ಕೇಳಿದ್ದು ಸೊಸೆಯನ್ನು.

"ಅಲ್ಲ. ಎರಡು ವರ್ಷದಿಂದ ನೋಡ್ತಿದೀನಿ. ಅವರ ಐದಕ್ಕೆ ನಾನೂ ಐದು ಅಂದಿದೀನಿ. ನಂದೂ ತಪ್ಪಿದೆ."

"ತಪ್ಪಾಗಿ ಎಣಿಸಿದ್ದಕ್ಕೆ ಶಿಕ್ಷೆಯಿಲ್ಲ," ಎಂದಳು ವೈದ್ಯೆ. "ಅದಕ್ಕೇ ಎರಡು ಚೀಟಿ. ಎಣಿಸದೆ ಬರೆದಿದ್ದಕ್ಕಿದೆ. ಯಜಮಾನ್ರೇ, ಮೂರು ತಿಂಗಳು ಬೀಗದ ಕೈ ನಿಮ್ಮ ಸೊಸೆ ಹತ್ರ ಇರ್ಲಿ. ನೀವು ಎರಡನೇ ಎಣಿಕೆ ಮಾಡಿ. ಆಮೇಲೆ ಮರುಪರೀಕ್ಷೆ."

"ಬೇಡ ಅಂದ್ರೆ?"

"ಹಕ್ಕಿಗಳ ಕಡೆ ಒಂದು ಜಾಗ ಖಾಲಿಯಿದೆ."

ಮಾವ ಸೊಂಟದ ಗೊಂಚಲನ್ನು ಬಿಚ್ಚಲು ತಡವರಿಸಿದರು. ಕೊಕ್ಕೆ ತುಕ್ಕು ಹಿಡಿದಿತ್ತು. ಸೊಸೆ ಸಹಾಯಕ್ಕೆ ಕೈ ಚಾಚಿದಳು. ಅವರು ಆ ಕೈಯನ್ನು ಸರಿಸಿ ತಾವೇ ಬಿಚ್ಚಿ, ಅವಳಿಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಮರುದಿನ ಮನೆಯಿಂದ ಇಬ್ಬರೂ ಬೇರೆ ಬೇರೆ ಹೊರಟರು. ಮಾವ ಬರುವರೋ, ಹಕ್ಕಿಗಳ ಕಡೆ ತಿರುಗುವರೋ ಎಂದು ಸೊಸೆ ಸಿಂಹಗಳ ಕಾರಿಡಾರಿನ ಬಾಗಿಲಿಗೂ ಗಡಿಯಾರಕ್ಕೂ ಕಣ್ಣು ಹಾಯಿಸುತ್ತ ನಿಂತಳು. ಒಂಬತ್ತಕ್ಕೆ ಮೂರು ನಿಮಿಷವಿರುವಾಗ ಅವರು ಬಂದರು. ಕೈಯಲ್ಲಿ ಮನೆಯ ಟಾರ್ಚಿತ್ತು.

ಅವಳು ಬಾಗಿಲುಗಳನ್ನು ಇಳಿಸಿ, ಎಣಿಸಿ, ಚೀಟಿ ಬರೆದು ಮಡಚಿಟ್ಟಳು. ಒಂದೂವರೆ ನಿಮಿಷ. ಮಾವ ಒಂದನೆಯ ಕೋಣೆಯ ಮುಂದೆ ಮಂಡಿಯೂರಿ ಹಲಗೆಯ ಕೆಳಗೆ ಬೆಳಕು ಬಿಟ್ಟರು, ಮೂಲೆ ನೋಡಿದರು, ಬರೆದರು, ಎದ್ದರು. ಎರಡನೆಯದರಲ್ಲಿಯೂ ಹಾಗೆಯೇ. ಮಾಂಸ ಮುಗಿಸಿದ ಸಿಂಹಗಳು ಶತಪಥ ಹಾಕತೊಡಗಿದ್ದವು. ಬಾಗಿಲುಗಳು ಗಡಗಡ ಅನ್ನುತ್ತಿದ್ದವು. ಸೊಸೆ ಗಡಿಯಾರ ನೋಡಿದಳು. ಆರು ನಿಮಿಷವಾಗಿತ್ತು.

"ಮಾವ, ಹೊತ್ತಾಯ್ತು."

ನಾಲ್ಕನೆಯ ಕೋಣೆಯ ಮುಂದೆ ಬಾಗಿದ್ದ ಮಾವ ತಲೆಯೆತ್ತಿದರು. "ಸುಮ್ನಿರಮ್ಮ! ಮಾತಾಡಬಾರದು ಅಂತ ಡಾಕ್ಟ್ರಮ್ಮ ಹೇಳಿಲ್ವಾ? ಲೆಕ್ಕ ತಪ್ತು."

ಅವರು ಚೀಟಿಯಲ್ಲಿ ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿ, ಒಂದನೆಯ ಕೋಣೆಗೆ ಹಿಂತಿರುಗಿ ಮತ್ತೆ ಮಂಡಿಯೂರಿದರು.